ಬೆಂಚಿನ ಮೇಲೆ ಇರಬೇಕಾದವನು

ಮಾರ್ಚ್ 3, ಸಂಜೆ

…ಆದರೂ ಮೊಣಕಾಲು ನಿನ್ನೆ ಬರೆದಷ್ಟೇನೂ ಕೆಟ್ಟಿಲ್ಲ. ತಪ್ಪೆಲ್ಲ ಆ ಬೆಂಚಿನದು. ಈಜುಕೊಳದ ಪಕ್ಕದ ಸಿಮೆಂಟು ಬೆಂಚು, ಸದಾ ಒದ್ದೆ. ಕ್ಲಬ್ಬಿನ ರೂಲು ಹಾಗಿದೆ — ಕೋಚ್ ಒಂದೇ ಮಗುವಿಗೆ ಹೇಳಿಕೊಡುವಾಗ ಇನ್ನೊಬ್ಬ ದೊಡ್ಡವರು ಗಂಟೆಪೂರ್ತಿ ಅಲ್ಲೇ ಕೂತಿರಬೇಕು. ಆಮೇಲೆ ರಿಜಿಸ್ಟರಿನಲ್ಲಿ ಸಹಿ. ಮೊಮ್ಮಗಳು ಚೂಟಿಗೆ ಆ ದೊಡ್ಡವರು ನಾನೇ. ಮಗಳಿಗೆ ಆಸ್ಪತ್ರೆ ಡ್ಯೂಟಿ. ಟೈಮ್ ಅಂಡ್ ಟೈಡ್ ವೇಟ್ ಫಾರ್… ಯಾರಿಗೂ ಕಾಯುವುದಿಲ್ಲ. ನಾನು ಕಾಯುತ್ತೇನೆ.

ನಿನ್ನೆ ಮೊದಲ ಕ್ಲಾಸು, ಪೂರ್ತಿ ಕೂತೆ. ಇವತ್ತು ಕೋಚ್ ಅಂದ: “ತಾತಾ, ಈ ಥಂಡಿಯಲ್ಲಿ ಯಾಕೆ ಒದ್ದಾಡ್ತೀರಿ? ತಿಂಗಳ ಸಹಿ ಒಟ್ಟಿಗೇ ಹಾಕ್ಬಿಡಿ. ಮನೇಲಿ ಕಾಲು ಚಾಚಿ ಕೂತ್ಕೊಳ್ಳಿ. ನಾನಿದೀನಲ್ಲ.”

ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತ ನಾನು. ಸಾಕ್ಷಿಗಳು ಪತ್ರ ಓದದೆ, ಮುಖ ನೋಡದೆ, ಬಾಗಿಲಲ್ಲೇ ಸಹಿ ಗೀಚಿ ಹೋಗುವುದನ್ನು ದಿನಾ ಕಂಡವನು. ಸಹಿ ಅಂದರೆ ಶಾಸ್ತ್ರಕ್ಕೆ. ಉಳಿದ ಹನ್ನೊಂದು ಗೆರೆ, ಹನ್ನೊಂದು ಸಹಿ, ಒಂದೇ ಏಟಿಗೆ. “ಏನು ಅಕ್ಷರ ತಾತಾ, ಮುತ್ತು ಪೋಣಿಸಿದ ಹಾಗೆ!” ಅಂದ. ಉಬ್ಬಿಹೋದೆ. ನನ್ನವಳು ಬದುಕಿದ್ದರೆ “ಒಂದು ಹೊಗಳಿಕೆ ಸಾಕು, ಅಟ್ಟಕ್ಕೆ ಏರಿ ಕೂರ್ತೀರಿ” ಅನ್ನುತ್ತಿದ್ದಳು.

ಮಾರ್ಚ್ 21

ಚೂಟಿಗೆ ಮತ್ತೆ ಹೊಟ್ಟೆನೋವು. ಈ ವಾರ ಎರಡನೇ ಸಲ. ಹೊರಡುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ತಾತ, ಇವತ್ತು ನೀನೂ ಕೂತಿರ್ತೀಯಾ?”

“ಹತ್ತು ವರ್ಷದ ಕತ್ತೆ, ಇನ್ನೂ ಕಾವಲು ಬೇಕಾ?”

“ನಾನು ಬೆಂಚು ಒರೆಸ್ತೀನಿ. ಟವೆಲ್ ಹಾಸ್ತೀನಿ.”

ನಕ್ಕೆ. ಮೀನಿಗೆ ನೀರು ಕಂಡರೆ ಭಯವಂತೆ ಅಂದೆ. ಗೇಟಿನ ತನಕ ಬಿಟ್ಟೆ. ತಿರುಗಿ ತಿರುಗಿ ನೋಡುತ್ತಾ ಹೋದಳು. ನಾನು ಕೈ ಬೀಸಿದೆ.

ಏಪ್ರಿಲ್ 8

ಪೆನ್ನು ಹಿಡಿಯಲು ಆಗಿರಲಿಲ್ಲ.

ಚೂಟಿ ಅಮ್ಮನ ಹತ್ತಿರ ಹೇಳಿದ್ದಾಳೆ. ಕೋಚ್ ಮುಟ್ಟಬಾರದ ಹಾಗೆ ಮುಟ್ಟಿದ್ದಾನೆ. ಒಂದು ದಿನ ಅಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಮಗಳು ಕೇಳಿದಳು, “ಅಪ್ಪಾ, ನೀವು ಅಲ್ಲೇ ಕೂತಿರ್ತಿದ್ರಲ್ಲ. ಏನೂ ಕಾಣ್ಲಿಲ್ವಾ?”

“ತೂಕಡಿಕೆ ಬಂದಿರ್ಬೇಕಮ್ಮಾ” ಅಂದೆ.

ಅಂದದ್ದು ನಾನೇ. ಈ ಬಾಯಲ್ಲೇ.

ಏಪ್ರಿಲ್ 11, ಮಧ್ಯಾಹ್ನ

ಕ್ಲಬ್ಬಿನ ಆಫೀಸು. ಕಾರ್ಯದರ್ಶಿ ರಿಜಿಸ್ಟರನ್ನು ನಮ್ಮ ಕಡೆ ತಿರುಗಿಸಿ ಇಟ್ಟರು. “ನೋಡಿ ಮೇಡಂ, ಪ್ರತಿ ಕ್ಲಾಸಿಗೂ ನಿಮ್ಮ ತಂದೆಯವರ ಸಹಿ. ಅವರ ಕಣ್ಣೆದುರೇ ಇಂಥದ್ದು ನಡೆಯೋಕೆ ಸಾಧ್ಯನಾ?”

“ತಾತ ಇರ್ಲಿಲ್ಲ” ಅಂದಳು ಚೂಟಿ.

“ಹಾಗಾದ್ರೆ ತಾತ ಸುಳ್ಳು ಸಹಿ ಹಾಕಿದ್ದಾರಾ, ಮರಿ?”

ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

“ಇಲ್ಲ… ಇದ್ರು. ನಂಗೆ ಮರ್ತೋಯ್ತು.”

ಕಾರ್ಯದರ್ಶಿ ಪೆನ್ನಿಗೆ ಮುಚ್ಚಳ ಹಾಕಿದರು. “ಮಕ್ಕಳು, ಮೇಡಂ. ಒಂದಕ್ಕೆ ಒಂದು ಸೇರಿಸ್ತಾವೆ. ಪೊಲೀಸರು ಕೇಳಿದ್ರೂ ಇದನ್ನೇ ತೋರಿಸ್ತೀವಿ.”

ನನ್ನ ಮಾನ ಉಳಿಸಲು ಕೂಸು ತನ್ನ ಮಾತನ್ನೇ ನುಂಗಿತು. ನಾನು ನುಂಗಲು ಬಿಟ್ಟೆ.

ಹೊರಗೆ ಬಂದರೆ ಆ ಕೋಚಿಗೆ ಕ್ಲಾಸಿತ್ತು. ಯಾರದೋ ಮಗು, ಚಪ್ಪಲಿ ಕೈಯಲ್ಲಿ ಹಿಡಿದು ಕೊಳದ ಕಡೆಗೆ ಓಡುತ್ತಿತ್ತು.

ಏಪ್ರಿಲ್ 12, ಸಂಜೆ ಆರೂವರೆ

ಬೆಳಿಗ್ಗೆ ಅಡುಗೆಮನೆಯಲ್ಲಿ ಮಗಳಿಗೆ ಸಹಿಗಳ ವಿಷಯ ಹೇಳಿದೆ. ಒಲೆ ಆರಿಸಿದಳು.

“ಹನ್ನೊಂದೂ?”

“ಹನ್ನೊಂದೂ.”

“ತೂಕಡಿಕೆ ಅಂದ್ರಲ್ಲಪ್ಪಾ.”

ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ನಂಗೆ ಹೇಳಿ ಏನು ಬಂತು? ಪೊಲೀಸರಿಗೆ ಬರೆದು ಕೊಡಿ. ಅದಕ್ಕೆ ಮೊದ್ಲು ಅವಳಿಗೆ ಓದಿ ಹೇಳಿ” ಅಂದಳು.

ಬರೆಯಲು ಕೂತೆ. ‘ಐ ಡು ಹಿಯರ್‌ಬೈ’ ಅಂತ ಕಾಲೇಜಿನ ಇಂಗ್ಲಿಷು ಬಂತು. ಹಿಂದೆಯೇ ‘ಇನ್ ಗುಡ್ ಫೇತ್’, ಸದುದ್ದೇಶದಿಂದಂತೆ. ಹರಿದು ಹಾಕಿದೆ. ಕನ್ನಡದಲ್ಲೇ ಬರೆದೆ: ಆ ಸಹಿಗಳು ಮೊದಲೇ ಹಾಕಿಟ್ಟವು. ಒಂದು ದಿನವೂ ನಾನು ಅಲ್ಲಿ ಇರಲಿಲ್ಲ. ಮಗು ಮೊದಲು ಹೇಳಿದ್ದೇ ನಿಜ. ಮಾತು ಬದಲಿಸಿದ್ದು ನನಗಾಗಿ.

ಚೂಟಿಯ ಕೋಣೆ ಬಾಗಿಲಲ್ಲಿ ನಿಂತು ಓದಿದೆ. ಅವಳು ಸ್ವೆಟರಿನ ತೋಳನ್ನು ಬೆರಳ ಮೇಲೆ ಎಳೆದುಕೊಂಡು ಕೇಳಿದಳು.

“ಒಂದು ದಿನವೂ ಅಂತ ಬರೀಬೇಡ ತಾತ. ತಪ್ಪಾಗತ್ತೆ.”

“ಯಾಕೆ ಕಂದಾ?”

“ಮೊದಲ್ನೇ ದಿನ ಇದ್ಯಲ್ಲ. ಅವತ್ತು ಏನೂ ಆಗ್ಲಿಲ್ಲ.”

ಮೇಜಿಗೆ ಬಂದು ಅರ್ಧ ಗಂಟೆಯಾಯಿತು. ತಿದ್ದಬೇಕಾದದ್ದು ಒಂದೇ ಸಾಲು. ಕೈ ಏಳುತ್ತಿಲ್ಲ. ಅವತ್ತು ನಾನೇನು ದೊಡ್ಡ ಕಾವಲು ಕಾದೆ? ಕೊಳದ ಕಡೆ ಸರಿಯಾಗಿ ನೋಡಲೂ ಇಲ್ಲ. ಹಳೇ ಪೇಪರು ಓದುತ್ತಿದ್ದೆ. ಸುಮ್ಮನೆ ಕೂತಿದ್ದೆ, ಅಷ್ಟೆ. ಅಷ್ಟೇ ಸಾಕಾಗಿತ್ತು.

ಮಗಳು ಹೊರಗೆ ಕಾಯುತ್ತಿದ್ದಾಳೆ. ಬೆಳಕು ಹೋಗುತ್ತಿದೆ… ಈ ಸಾಲು ತಿದ್ದಿ ಏಳಬೇಕು.