ಹಳೇ ಜಾಗಕ್ಕೆ ಬಾರದ ಚುಕ್ಕಿ

ಸದಾಶಿವನಗರ, ತುಮಕೂರು
೧೨-೮-೧೯೮೩

ತಮ್ಮ ಜುಂಜಪ್ಪನಿಗೆ ಆಶೀರ್ವಾದ.

ಲೆಕ್ಕದ ಲೆಕ್ಚರರ್ ಅಳಿಯನ ಕಾಟ ತಡೆಯಕ್ಕಾಗ್ತಿಲ್ಲ ಕಣೋ. ನನ್ನ ಹೊಸ ಪಂಚೆಯ ಅಂಚನ್ನೇ ಹರಿದು, ಮಸೀಲಿ ಚುಕ್ಕಿಯಿಟ್ಟು, ಮೂರು ತುಂಡು ಮಾಡಿ, ಅದಲುಬದಲಾಗಿ ಗುಂಡುಪಿನ್ನಲ್ಲಿ ಜೋಡಿಸ್ದ. ಹಿಂಗೆ ತುಂಡು ಅದಲುಬದಲು ಮಾಡೋ ಲೆಕ್ಕಕ್ಕೆ ಇಂಟರ್ವಲ್ ಎಕ್ಸ್‌ಚೇಂಜ್ ಅಂತಾರಂತೆ, ವಾಟ್ ನಾನ್‌ಸೆನ್ಸ್! ಅದೇ ಅಳತೆಗೆ ಮತ್ತೆ ಮತ್ತೆ ಕತ್ತರಿಸಿ ಜೋಡಿಸ್ತಾನೇ ಇರಬೇಕಂತೆ, ಪ್ರತಿ ಸಲಾನೂ ಚುಕ್ಕಿ ಬೇರೆ ಜಾಗಕ್ಕೆ ಹೋಗ್ತದಂತೆ.

"ಚುಕ್ಕಿ ಹಳೇ ಜಾಗಕ್ಕೆ ಯಾವಾಗಪ್ಪಾ ಬರೋದು?" ಅಂದೆ.

"ಈ ಅಳತೇಲಿ ಹತ್ತಿರಹತ್ತಿರಕ್ಕೆ ಬರ್ತಾನೇ ಇರ್ತದೆ ಮಾವ, ಅದೇ ಜಾಗಕ್ಕೆ ಯಾವತ್ತೂ ಬರಲ್ಲ" ಅಂದ.

ಗುಬ್ಬಿ ಬಸ್ಸಾದ್ರೂ ಸ್ಟ್ಯಾಂಡಿಗೆ ವಾಪಸ್ ಬರ್ತದಲ್ಲೋ!

ಮಂಡಿನೋವು ಕಮ್ಮಿ. ಸೋಮವಾರ ಕುಣಿಗಲ್ಲಿಗೆ ಬರ್ತೀನಿ. ನಿಮ್ಮತ್ತಿಗೆ ಬದುಕಿದ್ದಾಗಿನಿಂದ ಕಿಟಕಿ ಪಕ್ಕದಲ್ಲಿದ್ದ ನಮ್ಮ ಮಂಚಾನ ನಡುಮನೆಗೆ ಸರಿಸಿದೀಯಂತೆ. ಹತ್ತಿರದಲ್ಲೇ ಇದೆಯಲ್ಲಣ್ಣ ಅನ್ನಬೇಡ. ಕಾರ್ಡು ತುಂಬ್ತು. ಅದೇ ಜಾಗದಲ್ಲಿಡು.

ನಿನ್ನಣ್ಣ ಕಾಳಯ್ಯ