ಕಾಣೆಯಾದ ಹದಿನಾರು ಪುಟಗಳು

ಡೊಂಬಿವಲಿ,
ಭಾನುವಾರ

ಪ್ರಿಯ ಸುದರ್ಶನರೇ,

ನೀವು ಪ್ರಕಟಿಸಿದ, ಠಾಣೆ ಖಾಡಿಯ ಕಡಲನೀರಿನ ಉಬ್ಬರ ಇಳಿತಗಳ ಕುರಿತ ನನ್ನ ಪುಸ್ತಕದ ಎರಡನೇ ಮುದ್ರಣ ಸದ್ಯಕ್ಕೆ ಬೇಡ. ಈಗಿರುವ ಪುಸ್ತಕದಲ್ಲಿ ನಲವತ್ತೆಂಟನೇ ಪುಟವಾದ ಮೇಲೆ ನೇರ ಅರವತ್ತೈದು ಬರುತ್ತದೆ. ನನ್ನಲ್ಲಿ ಉಳಿದ ಪ್ರತಿಗಳನ್ನೆಲ್ಲ ತೆರೆದು ನೋಡಿದೆ, ಎಲ್ಲದರಲ್ಲೂ ಹಾಗೆಯೇ.

ಬಿಡುಗಡೆಯಾಗಿ ವರ್ಷವಾಯಿತು. ನಮ್ಮ ಕನ್ನಡ ಸಂಘದ ಸನ್ಮಾನಗಳಲ್ಲಿ ಶಾಲು, ಹಣ್ಣಿನ ಬುಟ್ಟಿಯ ಜೊತೆ ಅದನ್ನೇ ಕೊಡುತ್ತ ಬಂದೆವು. ಇಬ್ಬರು ವಿಮರ್ಶಕರು 'ಸಮಗ್ರ ಕೃತಿ' ಎಂದು ಹೊಗಳಿದರು. ನಾನೂ ಮುಖಪುಟ ಸವರಿ ಕಪಾಟಿನಲ್ಲಿಟ್ಟವನೇ.

ನಿನ್ನೆ ದಿವಾದಿಂದ ವಾರಿಜಾ ಎಂಬವರು ಫೋನ್ ಮಾಡಿದರು. ಠಾಣೆಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಾರೆ. ಮಾಲೀಕರಿಗೆ ಸನ್ಮಾನದಲ್ಲಿ ಸಿಕ್ಕ ಪ್ರತಿಯನ್ನು ಕೇಳಿ ಪಡೆದು, ಲೋಕಲ್ ರೈಲಿನಲ್ಲಿ ಓದುತ್ತಿದ್ದಾರಂತೆ.

"ಸರ್, ದಿನಕ್ಕೆ ಎರಡು ಸಲ ನೀರು ಯಾಕೆ ಏರ್ತದೆ ಅಂತ ನೀವೇ ಕೇಳಿದ್ದೀರಿ. ಉತ್ತರ ಎಲ್ಲುಂಟು? ಮುಂಬ್ರಾ ದಾಟುವಾಗ ದಿನಾ ಖಾಡಿ ನೋಡ್ತೇನೆ, ನನಗೆ ಗೊತ್ತಾಗುವುದಿಲ್ಲ."

ಓದಿ ಹೇಳೋಣವೆಂದು ಕಪಾಟಿನಿಂದ ಪುಸ್ತಕ ತೆಗೆದೆ; ಪುಟಗಳಿಲ್ಲದ್ದು ಆಗಲೇ ನನಗೂ ಕಂಡದ್ದು.

ದಯವಿಟ್ಟು ಆ ಹದಿನಾರು ಪುಟಗಳನ್ನು ಮುದ್ರಿಸಿ ಕಳಿಸಿ. ಎರಡು ಪ್ರತಿ ಸಾಕು, ಅವರಿಗೊಂದು, ನನಗೊಂದು. ತೆರೆದೇ ನೋಡದ ಉಳಿದವರ ಪುಸ್ತಕದಲ್ಲಿ ಏನೂ ಕಡಿಮೆಯಿಲ್ಲ.

ನಿಮ್ಮ,
ತಾರಾನಾಥ