ಎರಡು ಉತ್ತರಪತ್ರಿಕೆ, ಒಂದೇ ಸಾಲು

ಮಾರ್ಚ್ 3, ಸೋಮವಾರ

ಇವತ್ತೂ ಒಗೆದ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ಎಲ್ಲ ಆ ಕೆಂಪು ಪೆನ್ನಿನ ದೆಸೆಯಿಂದ. ಗಣಿತದ ಲೆಕ್ಚರರ್‌ಗೆ ನಾನಿಟ್ಟ ಹೆಸರು ಇದು. ಬಾಯಿಗೆ ಬರುವ ಬೇರೆ ಹೆಸರು ಬರೆಯುವಂತಿಲ್ಲ.

ಟೆಸ್ಟ್ ಪೇಪರ್ ವಾಪಸ್ ಬಂತು. aᵐ·aⁿ = aᵐ⁺ⁿ ಎಂದು ಸಾಧಿಸಬೇಕಿತ್ತು. m ಸಲ a, ಆಮೇಲೆ n ಸಲ a, ನಡುವೆ ಚುಕ್ಕಿ ಚುಕ್ಕಿ… ಎಣಿಸಿದರೆ ಆಯಿತಲ್ಲ? ಸೊನ್ನೆ! "ಮೇಡಂ, ಈ ಚುಕ್ಕಿಗಳ ಒಳಗೆ ಏನಿದೆ?" ಎಂದು ಇಡೀ ಕ್ಲಾಸಿನ ಮುಂದೆ ಕೇಳಿದ. ನಿನ್ನ ತಲೆ ಇದೆ ಎನ್ನಬೇಕಿತ್ತು. ಏಳನೇ ಕ್ಲಾಸಿಗೆ ವರ್ಷಗಟ್ಟಲೆ ಇದನ್ನೇ ಕಲಿಸುತ್ತಿರುವವಳು ನಾನು.

ಅರ್ಧಕ್ಕೆ ನಿಂತ ನನ್ನ ಡಿಗ್ರಿಗೆ ಈ ಪೇಪರ್ ಒಂದೇ ಬಾಕಿ. ಇದು ಹೋದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದಿದ್ದರೆ ಮುಂದಿನ ವರ್ಷ ನನ್ನ ಗಣಿತದ ಕ್ಲಾಸು ಬೇರೆಯವರಿಗೆ, ನನಗೆ ಲೈಬ್ರರಿಯ ಬೀಗದ ಕೈ. ಹೆಡ್‌ಮಾಸ್ಟರ್ ನಗುನಗುತ್ತಲೇ ಹೇಳಿದರು. ನಗು ಬೇರೆ ಕೇಡು.

ಮಾರ್ಚ್ 5

ಮಗಳ ಹತ್ತಿರ ಪಾಠ. ಅವಳೂ ಅದೇ ಕ್ಲಾಸು — ಅವಳು ಮೊದಲ ಬೆಂಚು, ನಾನು ಕೊನೆಯದು. ಅವಳು ಕೆಂಪು ಪೆನ್ನಿನ ಕಣ್ಮಣಿ.

"ಅಮ್ಮಾ, 'ಇಷ್ಟು ಸಲ' ಅನ್ನೋದನ್ನ ಮರೆತುಬಿಡು. ಫೀಲ್ಡಿನ ನಿಯಮ, ಅಂದ್ರೆ ಕೂಡಿಸೋ ಗುಣಿಸೋ ನಿಯಮ ಬಿಟ್ಟು ನಮ್ಮ ಕೈಯಲ್ಲಿರೋದು ಎರಡೇ. a⁰ ಅಂದ್ರೆ 1. aⁿ⁺¹ ಅಂದ್ರೆ aⁿ·a. ಅಷ್ಟೇ."

ಸೊನ್ನೆಗೆ ಸರಿಯೇ ನೋಡು, n ಗೆ ಸರಿ ಎಂದುಕೊ, n+1 ಗೆ ತೋರಿಸು — ಇಂಡಕ್ಷನ್. ಗೊತ್ತಿರುವುದನ್ನು ಗೊತ್ತಿಲ್ಲದವರ ಹಾಗೆ ಬರೆಯಬೇಕಂತೆ. ಪುಸ್ತಕ ಎತ್ತಿ ಕುಕ್ಕಿದೆ. ಇವರು ಬಾಗಿಲಲ್ಲಿ ನಿಂತು, ಎರಡೂ ಒಂದೇ ತಾನೇ, ಯಾಕೆ ಜಗಳ ಎಂದರು. ಸುಮ್ಮನಿರಿ ಎಂದು ಇಬ್ಬರೂ ಒಟ್ಟಿಗೇ ಅಂದೆವು.

ಮಾರ್ಚ್ 19

ಬಂತು! aᵐ⁺ⁿ ಬಂತು. ಒಂದೇ ಒಂದು ಚುಕ್ಕಿ ಇಲ್ಲ. ಚೆಂದ ಇದೆ, ಸುಳ್ಳೇಕೆ. ಆದರೂ ಅವನ ಮೇಲಿನ ಸಿಟ್ಟು ಹೋಗಿಲ್ಲ.

(ab)ⁿ = aⁿ·bⁿ ಕೂಡ ಮಗಳು ಹೇಳಿಕೊಟ್ಟಳು. ಕೊನೆಯ ಸಾಲಿನಲ್ಲಿ bⁿ ಮತ್ತು a ಜಾಗ ಬದಲಾಯಿಸುತ್ತವೆ. ಹಾಗೇ ಬಾಯಿಪಾಠ ಮಾಡಿಕೊಂಡೆ.

ಏಪ್ರಿಲ್ 28

ಫೈನಲ್ ಪರೀಕ್ಷೆ ಫೇಲು. ಎರಡೇ ಅಂಕಕ್ಕೆ.

ಉತ್ತರಪತ್ರಿಕೆ ಕೊಟ್ಟಿದ್ದಾರೆ. (ab)ⁿ ಕೊನೆಯ ಸಾಲಿನ ಮೇಲೆ ಅಡ್ಡಗೆರೆ: 'ಜಾಗ ಬದಲಾಯಿಸಲು ಕಾರಣ?' ನಾಲ್ಕು ಅಂಕ ಕಟ್. ಕಾರಣ ಏನು ಮಹಾ… ಫೀಲ್ಡಿನಲ್ಲಿ ಹಿಂದೆಮುಂದೆ ಮಾಡಿ ಗುಣಿಸಿದರೂ ಉತ್ತರ ಒಂದೇ. ಅದು ನಿಯಮ. ಬರೆಯಲಿಲ್ಲ, ಒಪ್ಪಿದೆ.

ಆಮೇಲೆ ಮಗಳ ಪೇಪರ್ ನೋಡಿದೆ. ಅದೇ ಸಾಲು. ಅಕ್ಷರಕ್ಕೆ ಅಕ್ಷರ. ಕಾರಣ ಅಲ್ಲೂ ಇಲ್ಲ. ಪಕ್ಕದಲ್ಲಿ ದೊಡ್ಡ ರೈಟು, ಪೂರ್ತಿ ಅಂಕ. ಅವಳು ಬಿಟ್ಟರೆ ಗೊತ್ತಿದ್ದು ಬಿಟ್ಟದ್ದು, ನಾನು ಬಿಟ್ಟರೆ ಗೊತ್ತಿಲ್ಲದೆ! ಮೈಯೆಲ್ಲ ಉರಿಯುತ್ತಿದೆ.

ಏಪ್ರಿಲ್ 29

"ನನ್ನ ಪೇಪರ್ ತಗೊಂಡು ಹೋಗಿ ತೋರಿಸು" ಎಂದಳು ಮಗಳು. ತೋರಿಸಿದರೆ ಅವಳ ನಾಲ್ಕು ಅಂಕ ಹೋಗುತ್ತದೆ. ಅವಳ ಮೊದಲ ಸ್ಥಾನ ನಿಂತಿರುವುದು ಮೂರು ಅಂಕದ ಮೇಲೆ. ಯಾವ ತಾಯಿ ಮಾಡುತ್ತಾಳೆ ಇದನ್ನ? ಮುಚ್ಕೊಂಡು ಕೂತ್ಕೋ ಎಂದೆ. ಬಾಗಿಲು ಧಡಾರನೆ ಹಾಕಿಕೊಂಡಳು. ನನ್ನ ಸಿಟ್ಟೇ ಬಂದಿದೆ ಮುಂಡೇದಕ್ಕೆ.

ಏಪ್ರಿಲ್ 30, ಬೆಳಿಗ್ಗೆ 10.20

ಕಾಲೇಜಿನ ವರಾಂಡ, ಕೆಂಪು ಪೆನ್ನಿನ ರೂಮಿನ ಹೊರಗಿನ ಬೆಂಚು. ನನ್ನ ಪೇಪರ್ ಒಂದನ್ನೇ ತಂದಿದ್ದೇನೆ. ಅದೊಂದರ ಮೇಲೇ ಜಗಳ. ಒಳಗೆ ಯಾರೋ ಇದ್ದಾರೆ, ಕಾಯಿರಿ ಎಂದ ಜವಾನ. ಮಾತು ಮರೆಯದಿರಲೆಂದು ಇಲ್ಲೇ ಬರೆದುಕೊಳ್ಳುತ್ತಿದ್ದೇನೆ. ಒಂದು, ಕಾರಣ ನನಗೆ ಗೊತ್ತು. ಎರಡು —

ಒಳಗಿನ ದನಿ ಮಗಳದು.

"ಸರ್, ಆ ಸಾಲನ್ನ ಅಮ್ಮಂಗೆ ಹೇಳಿಕೊಟ್ಟವಳೇ ನಾನು. ಕಾರಣ ಬರೀಬೇಕು ಅಂತ ನನಗೇ ಹೊಳೆದಿರಲಿಲ್ಲ. ಗೊತ್ತಿಲ್ಲದೆ ಬಿಟ್ಟವಳು ನಾನು. ಅಮ್ಮನದು ತಪ್ಪಾದ್ರೆ ನನ್ನದೂ ಹೊಡೆದುಹಾಕಿ."

ಬಾಗಿಲ ಸಂದಿಯಲ್ಲಿ ಕಾಣಿಸುತ್ತಿದೆ — ಅವಳ ಪೇಪರ್, ಅವಳು ಒಯ್ದ ನನ್ನದರ ಜೆರಾಕ್ಸ್, ಎರಡನ್ನೂ ಅಕ್ಕಪಕ್ಕ ಹರಡಿಕೊಂಡಿದ್ದಾನೆ. ಪೆನ್ನಿನ ಮುಚ್ಚಳ ತೆಗೆದ. ನನ್ನ ಮಗಳ ಪೇಪರಿನ ಮೇಲೆ ಅವನು ಗೆರೆ ಎಳೆಯುವ ಮೊದಲು ನಾನು ಒಳಗೆ —